ರಾತ್ರಿ ಹೋಟೆಲ್ ಮುಚ್ಚಿ ಹೊರಡುವಾಗ ಜೊತೆಗಿರಲು ಹಗುರ ರಿವಾಲ್ವರ್: ಯಾವುದು ತಗೊಳ್ಳಲಿ?

ಪ್ಲೇನೋ ದೋಸೆ:
ಎಲ್ಲರಿಗೂ ನಮಸ್ಕಾರ. ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ ನಮ್ಮದೊಂದು ಪುಟ್ಟ ಹೋಟೆಲ್ ಇದೆ. ರಾತ್ರಿ ಹತ್ತೂವರೆಗೆ ಗಲ್ಲಾ ಎಣಿಸಿ, ಹಿಂದಿನ ಬಾಗಿಲಿಂದ ಕಾರಿನವರೆಗೆ ಹೋಗುವವಳು ನಾನೊಬ್ಬಳೇ. ಹೋದ ತಿಂಗಳು ಪಕ್ಕದ ಅಂಗಡಿಯವರನ್ನು ಅಲ್ಲೇ ಹೆದರಿಸಿ ದುಡ್ಡು ಕಿತ್ತುಕೊಂಡರು. ಅವತ್ತಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

ನಾನು ಸಿಟಿಜನ್, ವಯಸ್ಸು 47. ಈವರೆಗೆ ಬಂದೂಕು ಮುಟ್ಟಿದವಳಲ್ಲ. ಕೈ ಚಿಕ್ಕದು, ಹೆಬ್ಬೆರಳ ಬುಡದಲ್ಲಿ ನೋವು ಬೇರೆ. ಪಿಸ್ತೂಲಿನ ಸ್ಲೈಡ್, ಅಂದರೆ ಮೇಲಿನ ಜಾರುವ ಭಾಗ, ಹಿಂದಕ್ಕೆ ಎಳೆಯಲು ಆಗಲೇ ಇಲ್ಲ. ಅದಕ್ಕೇ ರಿವಾಲ್ವರ್. ಅಂಗಡಿಯಲ್ಲಿ ಮೂರು ತೋರಿಸಿದರು: ಸ್ಮಿತ್ ಅಂಡ್ ವೆಸನ್ 642, ರೂಗರ್ ಎಲ್‌ಸಿಆರ್, ಮತ್ತೆ ಸ್ಮಿತ್‌ನದೇ 340ಪಿಡಿ. ಕೊನೆಯದು 330 ಗ್ರಾಂ ಆಸುಪಾಸು, ಕೈಗಿಟ್ಟರೆ ಆಟದ ಸಾಮಾನಿನ ಥರ. "ಹೆಂಗಸರಿಗೆ ಇದೇ ಸರಿ" ಅಂದರು. ಬೆಲೆ ಮಾತ್ರ ಉಳಿದವುಗಳಿಗಿಂತ ತುಂಬಾ ಜಾಸ್ತಿ. ತಗೊಳ್ಳಲಾ? ವ್ಯಾನಿಟಿ ಬ್ಯಾಗಲ್ಲಿ ಇಟ್ಟುಕೊಂಡರೆ ಸಾಕಾ? ಶನಿವಾರ ನನ್ನನ್ನು ಕರೆದೊಯ್ಯಲು ಮೈದುನ ಬರುತ್ತಾನೆ, ಎಚ್-1ಬಿಯಲ್ಲಿದ್ದಾನೆ. ಅವತ್ತು ಅವನ ಹತ್ತಿರ ಇರಲಿ ಅನ್ನಬಹುದಾ?

ಮಡಿಕೇರಿ ಮಂಜು:
ಅಕ್ಕಾ, 340ಪಿಡಿ ಬೇಡ. ಅದು ಹೊರುವುದಕ್ಕೆ ಹಗುರ, ಹೊಡೆಯುವುದಕ್ಕಲ್ಲ. ನಮ್ಮ ಕೊಡಗಿನ ಆಯುಧಪೂಜೆ ಹಬ್ಬ ಕೈಲ್ ಪೊಳ್ದ್ ದಿನ ಕೋವಿಗೆ ತೋಕ್ ಪೂ ಅನ್ನೋ ಹೂವು ಸಿಕ್ಕಿಸಿ ಪೂಜೆ ಮಾಡುವ ಮನೆಯಲ್ಲಿ ಬೆಳೆದವನು ನಾನು. ತೋಟಾ ಕೋವಿಯ ಒದೆತ ಭುಜಕ್ಕೆ ಹೊಸದಲ್ಲ. ಆದರೂ ಗೆಳೆಯನ 340ಪಿಡಿಯಲ್ಲಿ .357 ಮ್ಯಾಗ್ನಮ್ ಅನ್ನೋ ಜೋರಿನ ಕಾಡತೂಸು ಹಾಕಿ ಐದು ಹೊಡೆದಾಗ ಅಂಗೈಗೆ ಹಲಗೆಯಿಂದ ಬಾರಿಸಿದ ಹಾಗಾಯಿತು. ಮತ್ತೆ ತುಂಬಿಕೊಟ್ಟ, ಬೇಡಪ್ಪ ಅಂದೆ. ಅದೇ ಕಾಡತೂಸು, ಬಂದೂಕಿನ ತೂಕ ಇಳಿದಷ್ಟೂ ಒದೆತ ಜಾಸ್ತಿ. ಇಷ್ಟು ಹಗುರದ್ದರಲ್ಲಿ ಇನ್ನೊಂದು ಕಾಟ ಇದೆ. ಒದೆತದ ಹೊಡೆತಕ್ಕೆ, ಇನ್ನೂ ಹೊಡೆಯದ ಕಾಡತೂಸಿನ ಗುಂಡು ಮುಂದಕ್ಕೆ ಜಾರಿ ಸಿಲಿಂಡರ್ ತಿರುಗದೆ ಸಿಕ್ಕಿಕೊಳ್ಳುವುದುಂಟು. ಬೇಕಾದ ಹೊತ್ತಲ್ಲಿ ಹಾಗಾದರೆ ಕೈಯಲ್ಲಿ ಕಲ್ಲಿದ್ದಂಗೆ.

ಮೈದುನನ ಕೈಗೆ ಖಂಡಿತ ಕೊಡಬೇಡಿ. ಎಚ್-1ಬಿಯಂಥ ವೀಸಾದವರು ಬಂದೂಕು ಇಟ್ಟುಕೊಳ್ಳುವುದು ಫೆಡರಲ್ ಅಪರಾಧ. ಹಂಟಿಂಗ್ ಲೈಸನ್ಸ್‌ನಂಥ ಕೆಲವು ವಿನಾಯಿತಿ ಇವೆ, ಆದರೆ ವಕೀಲರನ್ನು ಕೇಳದೆ ಅದನ್ನು ನಂಬಬೇಡಿ. ಗ್ರೀನ್ ಕಾರ್ಡ್ ಇದ್ದವರ ಮಾತು ಬೇರೆ.

ಆಸ್ಟಿನ್ ಅಜ್ಜಿ:
ನಾನು ಒಂಬತ್ತು ವರ್ಷದಿಂದ 642 ಇಟ್ಟುಕೊಂಡಿದ್ದೇನಮ್ಮ. ಸುಮಾರು 410 ಗ್ರಾಂ, ಐದು ಗುಂಡು, .38 ಸ್ಪೆಷಲ್ ಅನ್ನುವ ಕಾಡತೂಸು, .357ಕ್ಕಿಂತ ಮೆತ್ತಗೆ. ಹಿಂದಿನ ಹ್ಯಾಮರ್ (ಗುಂಡು ಸಿಡಿಸುವ ಸುತ್ತಿಗೆ) ಒಳಗೇ ಮುಚ್ಚಿರುವುದರಿಂದ ಬಟ್ಟೆಗೆ ಸಿಕ್ಕಿಕೊಳ್ಳುವುದಿಲ್ಲ. ಎಲ್‌ಸಿಆರ್ ಕೂಡ ಹಾಗೇ. ಆದರೆ 642ರ ಟ್ರಿಗರ್ ಎಳೆಯಲು ಹತ್ತಿರ ಹತ್ತಿರ 12 ಪೌಂಡ್ ಜೋರು ಬೇಕು, ಅಂದರೆ ಐದು ಕಿಲೋ ಮೇಲೆ. ನೋವಿರುವ ಕೈಗೆ ಅದೇ ದೊಡ್ಡ ಪರೀಕ್ಷೆ. ಎಲ್‌ಸಿಆರ್ ಟ್ರಿಗರ್ ನಯವಾಗಿ ಬರುತ್ತದೆ, ಹಿಡಿಯ ರಬ್ಬರ್ ಕೂಡ ಮೆತ್ತಗೆ. ಅದರಲ್ಲೇ .22ರದ್ದೂ ಇದೆ, ಎಂಟು ಗುಂಡು. ಗುಂಡು ಸಣ್ಣದು, ನಿಜ, ಆದರೆ ಕೈ ನೋಯಿಸುವುದಿಲ್ಲ. 642, ಎಲ್‌ಸಿಆರ್ ಎರಡನ್ನೂ ರೇಂಜ್‌ನಲ್ಲಿ (ಗುರಿ ಅಭ್ಯಾಸದ ಜಾಗ) ಬಾಡಿಗೆಗೆ ತಗೊಂಡು ಹೊಡೆದು ನೋಡಿ. .38ಕ್ಕೆ 148 ಗ್ರೇನ್ ತೂಕದ ವಾಡ್‌ಕಟರ್ (ಚಪ್ಪಟೆ ಮೂತಿಯ ಅಭ್ಯಾಸದ ಗುಂಡು) ಕೇಳಿ, ಒದೆತ ಕಡಿಮೆ.

ಬ್ಯಾಗ್ ಬೇಡವೇ ಬೇಡ. ಕಳ್ಳ ಮೊದಲು ಕೈ ಹಾಕುವುದೇ ಬ್ಯಾಗಿಗೆ ಅಲ್ವಾ? ಕುರ್ತಾ ಜೇಬು ಜೋತುಬೀಳುತ್ತದೆ. ಗಟ್ಟಿ ಬಟ್ಟೆಯ ಜೇಬು, ಟ್ರಿಗರ್ ಪೂರ್ತಿ ಮುಚ್ಚುವ ಹೋಲ್‌ಸ್ಟರ್ (ಬಂದೂಕಿನ ಒರೆ), ಆ ಜೇಬಿನಲ್ಲಿ ಬೇರೇನೂ ಇರಬಾರದು. ಬೀಗದ ಕೈ ಕೂಡ. ಮನೆಯಲ್ಲಿ ಮಕ್ಕಳಿದ್ದರೆ ಬೀಗದ ಪೆಟ್ಟಿಗೆ ಬೇಕೇ ಬೇಕು. 17ರ ಒಳಗಿನವರ ಕೈಗೆ ಸಿಗುವಂತೆ ಇಟ್ಟರೆ ಟೆಕ್ಸಾಸ್‌ನಲ್ಲಿ ಕೇಸ್ ಆಗುತ್ತದೆ. 2021ರ ಸೆಪ್ಟೆಂಬರ್ 1ರಿಂದ 21 ತುಂಬಿದ ಹೆಚ್ಚಿನವರಿಗೆ ಇಲ್ಲಿ ಕೈಬಂದೂಕು ಜೊತೆಗಿಟ್ಟುಕೊಂಡು ಓಡಾಡಲು ಲೈಸನ್ಸ್ ಬೇಕಿಲ್ಲ. ಆದರೂ ಆ ಲೈಸನ್ಸ್‌ನ ಕ್ಲಾಸ್ ಮಾಡಿ. 51 ಅಂತ ಕೆಂಪಗೆ ಬರೆದ ಬಾರ್ ಬೋರ್ಡಿನ ಅರ್ಥ ನನಗೆ ಗೊತ್ತಾಗಿದ್ದೇ ಅಲ್ಲಿ. ಅದು ಇದ್ದಲ್ಲಿ ಬಂದೂಕು ಒಯ್ಯುವಂತಿಲ್ಲ.

ಇನ್ನೊಂದು ಮಾತು. ದುಡ್ಡು ಕೇಳಿದರೆ ಕೊಟ್ಟುಬಿಡಿ. ಇದು ಗಲ್ಲಾ ಉಳಿಸಲು ಅಲ್ಲ.

ಪ್ಲೇನೋ ದೋಸೆ:
ಮಂಜು, ಅಮ್ಮ, ಇಬ್ಬರಿಗೂ ಥ್ಯಾಂಕ್ಸ್. ಭಾನುವಾರ ರೇಂಜ್‌ಗೆ ಹೋಗಿದ್ದೆ. 340ಪಿಡಿಯಲ್ಲಿ ಎರಡು ಹೊಡೆದು ಕೆಳಗಿಟ್ಟೆ. ಮಾರನೇ ದಿನ ದೋಸೆ ಸೌಟು ಹಿಡಿಯಲು ಆಗಲಿಲ್ಲ. 642ರಲ್ಲಿ ಏಳು ಗಜದಿಂದ ಐದಕ್ಕೆ ಎರಡು ಹಾಳೆಗೆ ಬಿದ್ದವು. ಟ್ರಿಗರ್ ಎಳೆಯುವಷ್ಟರಲ್ಲಿ ನಳಿಗೆ ಕೆಳಗೆ ಬಾಗುತ್ತಿತ್ತು. ಎಲ್‌ಸಿಆರ್‌ನಲ್ಲಿ ನಾಲ್ಕು. ಅಲ್ಲಿದ್ದವರು ಸ್ಟೀಲಿನ ರೂಗರ್ ಎಸ್‌ಪಿ101 ಕೂಡ ಕೊಟ್ಟರು. 700 ಗ್ರಾಂ ಮೇಲಿದೆ, ಹೊಡೆಯಲು ಎಷ್ಟು ಆರಾಮ! ಆದರೆ ಅದನ್ನು ಸಿಕ್ಕಿಸಿಕೊಂಡರೆ ಸಲ್ವಾರ್ ನಿಲ್ಲುವುದಿಲ್ಲ.

.38 ಎಲ್‌ಸಿಆರ್ ಅಂತ ಮನಸ್ಸು ಮಾಡಿದ್ದೇನೆ, ಆದರೆ ಕ್ಲಾಸ್ ಮುಗಿದ ಮೇಲೇ ಕೊಳ್ಳುವುದು. ಮೈದುನನಿಗೆ ಕಾನೂನು ಹೇಳಿದೆ, "ನಂಗ್ಯಾಕೆ ಅತ್ತಿಗೆ" ಅಂದ. ದುಡ್ಡನ್ನೂ ಈಗ ರಾತ್ರಿ ಒಯ್ಯುತ್ತಿಲ್ಲ, ಬೆಳಿಗ್ಗೆ ಹನ್ನೊಂದಕ್ಕೆ ಬ್ಯಾಂಕಿಗೆ ಕಟ್ಟುತ್ತೇವೆ. ಅಮ್ಮಾ, ನಿಮ್ಮ ಜೇಬಿನ ಹೋಲ್‌ಸ್ಟರ್ ಚರ್ಮದ್ದಾ, ಪ್ಲಾಸ್ಟಿಕ್ಕಾ?