ಗೀಸರ್‌ಗೆ ಹಾಕಿದ ಸ್ಮಾರ್ಟ್ ಪ್ಲಗ್ ಬೆಳಿಗ್ಗೆ ಕೈಕೊಡುತ್ತಿದೆ, ಏನು ಮಾಡಲಿ?

ಪ್ರಶ್ನೆ (ದಾವಣಗೆರೆ, ನಿಟ್ಟುವಳ್ಳಿ): ಅಣ್ಣಾ, ನಮಸ್ಕಾರ. ಎರಡು ಸ್ಮಾರ್ಟ್ ಪ್ಲಗ್ ತರಿಸಿದ್ದೆ, ಫೋನಿನ ಆ್ಯಪ್‌ನಿಂದ ಆನ್ ಆಫ್ ಮಾಡುವಂಥವು. ಒಂದು ಗೀಸರ್‌ಗೆ, ಇನ್ನೊಂದು ದೇವರ ಮನೆಯ ಸೀರಿಯಲ್ ಲೈಟಿಗೆ. ಅಪ್ಪ ಬೆಳಿಗ್ಗೆ ಬೇಗ ಸ್ನಾನ ಮುಗಿಸಿ ಅಂಗಡಿ ಬಾಗಿಲು ತೆಗೆಯಬೇಕು, ಅದಕ್ಕೆ 5.30ಕ್ಕೆ ಆನ್, 6ಕ್ಕೆ ಆಫ್ ಅಂತ ಆ್ಯಪ್‌ನಲ್ಲಿ ಟೈಮ್ ಹಾಕಿದ್ದೆ. ಮೊದಲ ವಾರ ಚೆನ್ನಾಗಿತ್ತು. ಆಮೇಲೆ ವಾರಕ್ಕೆ ಎರಡು ಮೂರು ದಿನ ಆನ್ ಆಗುತ್ತಲೇ ಇರಲಿಲ್ಲ, ನೋಡಿದರೆ ಆಫ್‌ಲೈನ್ ಅಂತ ತೋರಿಸುತ್ತಿತ್ತು. ತಣ್ಣೀರು ಬಿದ್ದಿದ್ದು ಅಪ್ಪನಿಗೆ, ಬೈಗುಳ ಬಿದ್ದಿದ್ದು ನನಗೆ. ಮೊನ್ನೆ ಹೊಸ ರೂಟರ್ ಹಾಕಿಸಿದ ಮೇಲಂತೂ ಎರಡೂ ಪ್ಲಗ್ ವೈಫೈಗೆ ಸೇರುತ್ತಲೇ ಇಲ್ಲ. ಪ್ಲಗ್ಗೇ ಡಬ್ಬಾನಾ? ವಾಪಸ್ ಕಳಿಸಲಾ?

ಉತ್ತರ (ಎಲೆಕ್ಟ್ರಿಷಿಯನ್, ಇಲ್ಲೇ ಊರಲ್ಲಿ ಮನೆ ವೈರಿಂಗ್ ಕೆಲಸ): ತಂಗೀ, ವೈಫೈ ಮಾತು ಆಮೇಲೆ. ಮೊದಲು ಎರಡು ನಂಬರ್ ಹೇಳು. ಪ್ಲಗ್ ಮೇಲೆ ಎಷ್ಟು ಆಂಪ್ ಅಂತ ಬರೆದಿದೆ? ಗೀಸರ್ ಎಷ್ಟು ವ್ಯಾಟ್?

ನಿಟ್ಟುವಳ್ಳಿ: ಪ್ಲಗ್ 10 ಆಂಪ್. ಗೀಸರ್ 15 ಲೀಟರ್‌ದು, 2000 ವ್ಯಾಟ್. ಗೀಸರ್ ಪಿನ್ ದಪ್ಪ ಇತ್ತು, ಪ್ಲಗ್ಗಿಗೆ ಹಿಡಿಸಲಿಲ್ಲ, ಮಧ್ಯೆ ಒಂದು ಕನ್ವರ್ಟರ್ ಹಾಕಿದ್ದೇನೆ. ಸ್ವಲ್ಪ ಬಿಸಿ ಆಗುತ್ತದೆ, ಒಂದು ಕಡೆ ಕಂದು ಬಣ್ಣ ಬಂದಿದೆ. ಅದು ಮಾಮೂಲಿ ಅಲ್ವಾ?

ಉತ್ತರ: ಮಾಮೂಲಿ ಅಲ್ಲ. ಓದುವುದನ್ನು ಇಲ್ಲಿಗೆ ನಿಲ್ಲಿಸಿ ಹೋಗಿ ಗೀಸರ್ ಲೈನಿನ ಎಂಸಿಬಿ (ಬೋರ್ಡಿನಲ್ಲಿರುವ ಟ್ರಿಪ್ ಸ್ವಿಚ್) ಇಳಿಸಿ, ಆಮೇಲೆ ಪ್ಲಗ್ಗನ್ನು ಕಿತ್ತು ಬಾ. ಆ ಪ್ಲಗ್ಗನ್ನೂ ಕನ್ವರ್ಟರನ್ನೂ ಇನ್ನು ಯಾವುದಕ್ಕೂ ಬಳಸಬೇಡ.

ಕಿತ್ತೆಯಾ? ಸರಿ, ಈಗ ಲೆಕ್ಕ ನೋಡು. 2000 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ 8.7 ಆಂಪ್. ಕಾಗದದ ಮೇಲೆ 10ರ ಒಳಗೇ ಇದೆ, ಅದಕ್ಕೇ ಎಲ್ಲರೂ ಮೋಸ ಹೋಗುವುದು. ಆದರೆ ಅಷ್ಟು ಕರೆಂಟು ಸಣ್ಣ ಪಿನ್ನಿನ ಮೇಲೆ, ಅದರ ಮೇಲೊಂದು ಕನ್ವರ್ಟರ್ ಏರಿಸಿಕೊಂಡು, ಹಳೇ ಸಾಕೆಟ್ಟಿನೊಳಗೆ ಪಿನ್ ಹಿಡಿಯುವ, ಈಗ ಸಡಿಲವಾದ ಲೋಹದ ಪತ್ತಿಗಳ ಮೂಲಕ ದಿನಾ ಹರಿದರೆ, ಎಲ್ಲೆಲ್ಲಿ ಲೂಸ್ ಇದೆಯೋ ಅಲ್ಲೆಲ್ಲಾ ಕಾಯುತ್ತದೆ. ಕಾದಷ್ಟೂ ಪತ್ತಿ ಇನ್ನೂ ಸಡಿಲ ಆಗುತ್ತದೆ, ಸಡಿಲ ಆದಷ್ಟೂ ಇನ್ನೂ ಕಾಯುತ್ತದೆ. ನಿನಗೆ ಕಂಡ ಕಂದು ಬಣ್ಣ ಅದೇ. ಎಂಸಿಬಿ ಇದಕ್ಕೆ ಬೀಳುವುದಿಲ್ಲ, ಯಾಕೆಂದರೆ ಅದರ ಲೆಕ್ಕದಲ್ಲಿ ಕರೆಂಟು ಜಾಸ್ತಿ ಆಗಿಯೇ ಇಲ್ಲ.

ಗೀಸರ್‌ಗೆ 16 ಆಂಪ್ ಸ್ಮಾರ್ಟ್ ಪ್ಲಗ್ಗೇ ಬೇಕು, ದಪ್ಪ ಪಿನ್ನಿಂದು. ಅದು ನೇರವಾಗಿ ಪವರ್ ಪಾಯಿಂಟಿಗೆ ಹೋಗಬೇಕು. ನಡುವೆ ಎಕ್ಸ್‌ಟೆನ್ಷನ್ ಬಾಕ್ಸ್, ಕನ್ವರ್ಟರ್ ಯಾವುದೂ ಬೇಡ. ಅದಕ್ಕೂ ಮುಂಚೆ ಆ ಸಾಕೆಟ್ ಬಿಚ್ಚಿಸಿ ನೋಡು, ಸುಟ್ಟಿದ್ದರೆ ಅದನ್ನೂ ಬದಲಾಯಿಸಬೇಕು. ಅರ್ಥಿಂಗ್ ಸರಿ ಇದೆಯಾ ಅಂತಲೂ ಚೆಕ್ ಮಾಡಿಸು, ನೀರಿನ ಜೊತೆ ಆಟ ಇದು. ಪ್ಲಗ್ ಬಚ್ಚಲಿನ ಒಳಗಿದ್ದರೆ ಹಬೆ ತಗಲುತ್ತದೆ, ಪಾಯಿಂಟ್ ಹೊರಗೆ ತೆಗೆಸಿಕೊಳ್ಳುವುದು ಒಳ್ಳೆಯದು.

ನಿಟ್ಟುವಳ್ಳಿ: ಕಿತ್ತು ಹಾಕಿದೆ ಅಣ್ಣಾ. ಸಾಕೆಟ್ ತೂತು ಕೂಡ ಕಪ್ಪಾಗಿದೆ. ನಾಳೆ ಬದಲಾಯಿಸುತ್ತೇನೆ. ಆದರೆ ಆಫ್‌ಲೈನ್ ಆಗುತ್ತಿದ್ದದ್ದು ಇದಕ್ಕೇನಾ?

ಉತ್ತರ: ಇರಲಾರದು. ರಾತ್ರಿ ಮಲಗುವ ಮುಂಚೆ ನಿಮ್ಮ ಮನೆಯಲ್ಲಿ ಯಾರಾದರೂ ಗೋಡೆ ಸ್ವಿಚ್ ಎಲ್ಲಾ ಆಫ್ ಮಾಡಿಕೊಂಡು ಬರುತ್ತಾರಾ?

ನಿಟ್ಟುವಳ್ಳಿ: ಅಯ್ಯೋ. ಅಮ್ಮ!

ಉತ್ತರ: ನಾನು ನೋಡಿದ ಹತ್ತು ಆಫ್‌ಲೈನ್ ಕಂಪ್ಲೇಂಟಿನಲ್ಲಿ ಅರ್ಧ ಇದೇ. ನಮ್ಮ ಸಾಕೆಟ್ಟಿಗೆಲ್ಲಾ ಪಕ್ಕದಲ್ಲೇ ಸ್ವಿಚ್ ಇರುತ್ತದೆ, ಅಮ್ಮಂದಿರ ಕೈ ಸುಮ್ಮನೆ ಇರುವುದಿಲ್ಲ. ಅವರದ್ದೇನೂ ತಪ್ಪಿಲ್ಲ ಬಿಡು, ಗೀಸರ್ ಆಫ್ ಮಾಡು ಅಂತ ಅವರಿಗೆ ಹೇಳಿಕೊಟ್ಟವರೇ ನಮ್ಮಂಥವರು. ಆ ಸ್ವಿಚ್ ಆಫ್ ಆದರೆ ಪ್ಲಗ್ಗಿಗೇ ಕರೆಂಟಿಲ್ಲ, ಅದು ಯಾರ ಮಾತು ಕೇಳಬೇಕು? ಗೋಡೆ ಸ್ವಿಚ್ ಯಾವಾಗಲೂ ಆನ್ ಇರಲಿ, ಅದರ ಮೇಲೆ ಒಂದು ಟೇಪ್ ಅಂಟಿಸು. ಗೀಸರ್ ಹಚ್ಚುವುದು ಆರಿಸುವುದು ಪ್ಲಗ್ ಮೇಲಿನ ಬಟನ್ನಿಂದ ಅಂತ ಅಮ್ಮನಿಗೆ ತೋರಿಸಿಕೊಡು.

ಎರಡನೆಯ ಕಾರಣವೂ ಇರಬಹುದು. ಹಲವು ಪ್ಲಗ್ಗಿನಲ್ಲಿ ಟೈಮಿಂಗ್ ಒಳಗೇ ಉಳಿದಿರುತ್ತದೆ, ನಿಜ. ಆದರೆ ಹೆಚ್ಚಿನ ಪ್ಲಗ್ಗಿನಲ್ಲಿ ಗಡಿಯಾರಕ್ಕೆ ಸೆಲ್ ಇಲ್ಲ, ಗಂಟೆ ಎಷ್ಟು ಅಂತ ಇಂಟರ್ನೆಟ್ಟಿನಿಂದ ಕೇಳಿಕೊಳ್ಳುತ್ತದೆ. ಬೆಳಗಿನ ಜಾವ 5ಕ್ಕೆ ಕರೆಂಟ್ ಹೋಗಿ 5.20ಕ್ಕೆ ಬಂತು ಅಂದುಕೊ. ಪ್ಲಗ್ ಎದ್ದಿತು, ಆದರೆ ನೆಟ್ ಇನ್ನೂ ಬಂದಿಲ್ಲ ಅಂದರೆ ಈಗ ಎಷ್ಟು ಗಂಟೆ ಅಂತಲೇ ಅದಕ್ಕೆ ಗೊತ್ತಿರುವುದಿಲ್ಲ, 5.30 ದಾಟಿ ಹೋಗುತ್ತದೆ. ರೂಟರ್‌ಗೆ ಒಂದು ಸಣ್ಣ ಯುಪಿಎಸ್ ಹಾಕಿದರೆ ಈ ಕಾಟ ಮುಕ್ಕಾಲು ಕಮ್ಮಿ.

ಇನ್ನೊಂದು ಸೆಟ್ಟಿಂಗ್ ಇದೆ, ಯಾರೂ ತೆಗೆದು ನೋಡುವುದೇ ಇಲ್ಲ. ಹೋದ ಕರೆಂಟ್ ಬಂದಾಗ ಪ್ಲಗ್ ಏನು ಮಾಡಬೇಕು ಅನ್ನುವುದು. ಆನ್, ಆಫ್, ಅಥವಾ ಮೊದಲು ಹೇಗಿತ್ತೋ ಹಾಗೆ. ಗೀಸರ್‌ಗೆ ಆಫ್ ಇಡು. ಇಲ್ಲದಿದ್ದರೆ 5.40ಕ್ಕೆ ಕರೆಂಟ್ ಹೋಗಿ, ನೀವೆಲ್ಲಾ ಬೀಗ ಹಾಕಿ ಹೋದ ಮೇಲೆ 11ಕ್ಕೆ ಬಂದರೆ, ಖಾಲಿ ಮನೆಯಲ್ಲಿ ಗೀಸರ್ ಉರಿಯುತ್ತಾ ಕೂರುತ್ತದೆ.

ಈಗ ಹೊಸ ರೂಟರ್. ಸೇರಿಸುವಾಗ ಏನಾಗುತ್ತದೆ?

ನಿಟ್ಟುವಳ್ಳಿ: ಲೈಟ್ ಮಿಣಮಿಣ ಅನ್ನುತ್ತದೆ, ಆ್ಯಪ್ 90ರವರೆಗೆ ಹೋಗಿ ಫೇಲ್ ಅನ್ನುತ್ತದೆ. ರೂಟರ್‌ನವರು 5ಜಿ ವೈಫೈ, ಸ್ಪೀಡ್ ಜಾಸ್ತಿ ಅಂದಿದ್ದರು.

ಉತ್ತರ: ಅಲ್ಲೇ ಇದೆ ನೋಡು. ಅವರು 5ಜಿ ಅಂದಿದ್ದು 5 ಗಿಗಾಹರ್ಟ್ಸ್ ಅನ್ನುವ ವೈಫೈ ತರಂಗಕ್ಕೆ, ಮೊಬೈಲ್ ಸಿಮ್ಮಿನ 5ಜಿಗೂ ಇದಕ್ಕೂ ಸಂಬಂಧ ಇಲ್ಲ. ಈ ಪ್ಲಗ್ಗುಗಳಿಗೆ ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ಮಾತ್ರ ಬರುತ್ತದೆ. ಹೊಸ ರೂಟರ್ ಎರಡಕ್ಕೂ ಒಂದೇ ಹೆಸರು ಇಟ್ಟಿರುತ್ತದೆ, ಫೋನ್ 5ರಲ್ಲಿ ಕೂತಿರುತ್ತದೆ, ಕೆಲವು ಆ್ಯಪ್‌ಗೆ ಅಲ್ಲೇ ಗೊಂದಲ. ಪ್ಲಗ್ ಸೇರಿಸುವಷ್ಟು ಹೊತ್ತು ರೂಟರ್‌ನಲ್ಲಿ 5 ಅನ್ನು ಆಫ್ ಮಾಡು. ಅದು ಆಗದಿದ್ದರೆ 2.4ರ ಗೆಸ್ಟ್ ವೈಫೈ ಒಂದು ಮಾಡಿ ಪ್ಲಗ್ಗುಗಳನ್ನು ಅಲ್ಲೇ ಇಡು. ರೂಟರ್‌ನ ವೈಫೈ ಸೆಕ್ಯುರಿಟಿ ಸೆಟ್ಟಿಂಗ್ ಡಬ್ಲ್ಯುಪಿಎ3 ಮಾತ್ರ ಅಂತ ಇದ್ದರೆ ಡಬ್ಲ್ಯುಪಿಎ2ಗೆ ಇಳಿಸು. ಫೋನಿನಲ್ಲಿ ಲೊಕೇಶನ್, ಬ್ಲೂಟೂತ್ ಆನ್ ಇರಲಿ, ಆ್ಯಪ್‌ಗೆ ಪರ್ಮಿಷನ್ನೂ ಕೊಟ್ಟಿರು. ಪ್ಲಗ್ ಬಟನ್ ಒತ್ತಿ ಹಿಡಿದು, ಲೈಟ್ ಬೇಗಬೇಗ ಮಿನುಗುವಾಗ ಸೇರಿಸು.

ಸುಲಭದ ದಾರಿ ಇನ್ನೊಂದಿದೆ. ಹಳೇ ರೂಟರ್‌ನ ವೈಫೈ ಹೆಸರು, ಪಾಸ್‌ವರ್ಡ್ ಅಕ್ಷರ ಬಿಡದೆ ಹಾಗೇ ಹೊಸದಕ್ಕೂ ಇಟ್ಟುಬಿಡು. ರೀಸೆಟ್ ಮಾಡದ ಪ್ಲಗ್ ಇದ್ದರೆ ಸಾಮಾನ್ಯವಾಗಿ ತಾನೇ ಬಂದು ಸೇರಿಕೊಳ್ಳುತ್ತದೆ. ಸೇರಿಸಲು ಹೋದಾಗ ನೀನು ಆಗಲೇ ರೀಸೆಟ್ ಮಾಡಿದ್ದೀಯ, ಅದಕ್ಕೆ ಈ ಸಲ ಲಾಭ ಇಲ್ಲ.

ಪ್ರಶ್ನೆ (ಚಿತ್ರದುರ್ಗದಿಂದ): ಮಧ್ಯೆ ಬಾಯಿ ಹಾಕುತ್ತಿದ್ದೇನೆ ಸರ್. ಸಂಪಿನ 1 ಎಚ್‌ಪಿ ಮೋಟರ್‌ಗೆ 16 ಆಂಪ್ ಪ್ಲಗ್ ಹಾಕಬಹುದಾ? ಟ್ಯಾಂಕ್ ತುಂಬಿ ಹರಿಯುವುದು ತಪ್ಪಿಸಬೇಕು.

ಉತ್ತರ: ಬೇಡ ಸರ್. 1 ಎಚ್‌ಪಿ ಅಂದರೆ 746 ವ್ಯಾಟ್, ನೋಡಲು ಗೀಸರ್‌ಗಿಂತ ಕಮ್ಮಿ. ಆದರೆ ಮೋಟರ್ ಎದ್ದು ನಿಲ್ಲುವ ಕ್ಷಣದಲ್ಲಿ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಆ ಏಟಿಗೆ ಪ್ಲಗ್ಗಿನೊಳಗೆ ಕರೆಂಟ್ ಹಚ್ಚಿ ಆರಿಸುವ ರಿಲೇಯ ಪಾಯಿಂಟ್ ಅಂಟಿಕೊಂಡರೆ, ಆ್ಯಪ್‌ನಲ್ಲಿ ಆಫ್ ಒತ್ತಿದರೂ ಮೋಟರ್ ಓಡುತ್ತಲೇ ಇರುತ್ತದೆ. ನಿಮ್ಮದು ಹಸಿರು ಕೆಂಪು ಬಟನ್ನಿನ ಸ್ಟಾರ್ಟರ್ ಆಗಿದ್ದರೆ ಇನ್ನೂ ತಮಾಷೆ, ಪ್ಲಗ್ ಆನ್ ಆದರೂ ಹಸಿರು ಒತ್ತದೆ ಅದು ಏಳುವುದೇ ಇಲ್ಲ. ಟ್ಯಾಂಕಿಗೆ ಫ್ಲೋಟ್ ಇರುವ ಲೆವೆಲ್ ಕಂಟ್ರೋಲರ್ ಹಾಕಿಸಿ, ವೈಫೈ ಇಲ್ಲದಿದ್ದರೂ ನಿಲ್ಲಿಸುತ್ತದೆ.

ನಿಟ್ಟುವಳ್ಳಿ (ಮರುದಿನ): ಅಣ್ಣಾ, ಸಾಕೆಟ್ ಬದಲಾಯಿತು, ಒಳಗೆ ವೈರಿನ ತುದಿ ಪೂರ್ತಿ ಸೀದಿತ್ತು. 16 ಆಂಪ್ ಪ್ಲಗ್ ತಂದೆ, 5 ಆಫ್ ಮಾಡಿದ ತಕ್ಷಣ ಎರಡೂ ಸೇರಿಕೊಂಡವು. ಅರ್ಧ ಗಂಟೆ ಸಾಕಾ, ಇಲ್ಲಾ ಟೈಮ್ ಜಾಸ್ತಿ ಮಾಡಲಾ?

ಉತ್ತರ: 15 ಲೀಟರ್‌ಗೆ 2000 ವ್ಯಾಟ್‌ನಲ್ಲಿ ಇಪ್ಪತ್ತು ನಿಮಿಷ ಆಸುಪಾಸು ಸಾಕು. ಅರ್ಧ ಗಂಟೆ ಪೂರ್ತಿ ಉರಿದರೂ 1 ಯೂನಿಟ್. ಈಗಿರುವುದೇ ಇರಲಿ. ನಾಳೆ ಆನ್ ಆದ ಹತ್ತು ನಿಮಿಷಕ್ಕೆ ಪ್ಲಗ್ ಮುಟ್ಟಿ ನೋಡು, ಉಗುರು ಬೆಚ್ಚಗಿದ್ದರೆ ತೊಂದರೆ ಇಲ್ಲ, ಕೈ ಇಡಲಾಗದಷ್ಟು ಸುಟ್ಟರೆ ಎಂಸಿಬಿ ಇಳಿಸಿ ನನಗೆ ಫೋನ್ ಮಾಡು.