"ಏನಾಗುತ್ತೆ ಹೇಳು" ಅಂದ್ರೆ ಮಗ ನನ್ನ ಮುಖ ನೋಡ್ತಾನೆ, ಏನ್ ಮಾಡ್ಲಿ?

ಚಿಕ್ಕಮಗಳೂರಮ್ಮ:
ಎಲ್ರಿಗೂ ನಮಸ್ಕಾರ. ಮಗನಿಗೆ ಐದು ವರ್ಷ, ಯುಕೆಜಿ. ನೂರರ ತನಕ ಅಂಕಿ, ರೈಮ್ಸು ಎಲ್ಲಾ ಪಟಪಟ ಅಂತ ಹೇಳ್ತಾನೆ ಆದ್ರೆ "ಈ ಕಲ್ಲು ನೀರಿಗೆ ಹಾಕಿದ್ರೆ ಏನಾಗುತ್ತೆ" ಅಂತ ಕೇಳಿದ್ರೆ ಸುಮ್ನೆ ನನ್ನ ಮುಖ ನೋಡ್ತಾನೆ, ನಾನು ಒಂಚೂರು ಹುಬ್ಬು ಏರಿಸಿದ್ರೂ ಸಾಕು ಉತ್ತರ ಬದಲಾಯಿಸಿಬಿಡ್ತಾನೆ. ಕಥೆ ಹೇಳುವಾಗ್ಲೂ ಅಷ್ಟೇ, "ಈಗ ನರಿ ಏನ್ ಮಾಡ್ಬೋದು" ಅಂದ್ರೆ "ನೀನೇ ಹೇಳಮ್ಮ". ಇದನ್ನ ಕಲಿಸೋದು ಹೆಂಗೆ? ವರ್ಕ್‌ಶೀಟ್ ತರಿಸ್ಲಾ? ನಮ್ಮನೆಯವ್ರು ವಯಸ್ಸಾದ್ರೆ ತಾನಾಗೇ ಬರುತ್ತೆ ಬಿಡು ಅಂತಾರೆ.

ನಲಿಕಲಿ ಟೀಚರ್, ಹಾಸನ:
ವರ್ಕ್‌ಶೀಟ್ ಖಂಡಿತ ಬೇಡ ಮೇಡಂ. ಅವನು ಯೋಚ್ನೆ ಮಾಡ್ತಿಲ್ಲ ಅಂತಲ್ಲ, ನಿಮಗೆ ಯಾವ ಉತ್ತರ ಬೇಕು ಅಂತ ಹುಡುಕ್ತಿದಾನೆ. ಕಲ್ಲು ಮುಳುಗುತ್ತೆ ಅಂತ ಇಬ್ಬರಿಗೂ ಗೊತ್ತಿದ್ದ ಮೇಲೆ ಅದು ಪರೀಕ್ಷೆ ಆಯ್ತು ಅಷ್ಟೇ. ನಿಮಗೇ ಖಾತ್ರಿ ಇಲ್ದೇ ಇರೋದನ್ನ ಕೇಳಿ ನೋಡಿ. ದೋಸೆ ಹಿಟ್ಟು ರುಬ್ಬಿದ ದಿನ ಒಂದು ಗಾಜಿನ ಜಾಡಿಗೆ ಅರ್ಧ ಹಾಕಿ, ಬೆಳಿಗ್ಗೆಗೆ ಎಲ್ಲೀತನಕ ಉಬ್ಬಿರುತ್ತೋ ಅಲ್ಲಿಗೆ ಅವನೊಂದು ರಬ್ಬರ್ ಬ್ಯಾಂಡ್ ಹಾಕ್ಲಿ, ನೀವೊಂದು ಹಾಕಿ. ನಿಮ್ಮೂರ ಚಳೀಲಿ ಹಿಟ್ಟು ಯಾವಾಗ ಉಬ್ಬುತ್ತೋ ದೇವ್ರಿಗೇ ಗೊತ್ತು, ಹಾಗಾಗಿ ನಿಮ್ದೂ ತಪ್ಪೋ ಚಾನ್ಸ್ ಇರುತ್ತೆ, ಅದು ಅವನ ಕಣ್ಣಿಗೆ ಬೀಳ್ಬೇಕು. ಮಾರನೇ ಸಲ ಜಾಡೀನ ಒಲೆ ಪಕ್ಕ ಇಡಿ, ರಬ್ಬರ್ ಬ್ಯಾಂಡ್ ಎಲ್ಲಿಗೆ ಸರಿಸ್ತಾನೆ ನೋಡಿ.

ಇನ್ನೊಂದು, ಕಿತ್ತಳೆ ಹಣ್ಣು. ಸಿಪ್ಪೆ ಸಮೇತ ಬಕೆಟ್‌ಗೆ ಹಾಕಿದ್ರೆ ತೇಲುತ್ತೆ. ಸಿಪ್ಪೆ ಸುಲಿದು ಹಾಕಿದ್ರೆ? ಹಾಕೋ ಮುಂಚೆನೇ ಉತ್ತರ ಹೇಳಿಸಿ, "ಯಾಕೆ ಹಂಗನ್ಸುತ್ತೆ" ಅಂತ ಒಂದೇ ಸಲ ಕೇಳಿ ಸುಮ್ನಾಗಿ. ಆ ಸುಮ್ನಿರೋದೇ ಕಷ್ಟ ನಮಗೆಲ್ಲ.

ಪುಸ್ತಕದ ಹುಳ:
ನಿಮ್ಮನೆಯವ್ರು ಹೇಳೋದ್ರಲ್ಲೂ ಸತ್ಯ ಇದೆ. ಅಗಲ ಲೋಟದ ನೀರನ್ನ ಮಗು ಎದುರಿಗೇ ಉದ್ದ ಲೋಟಕ್ಕೆ ಸುರಿದ್ರೂ ನಾಲ್ಕೈದು ವರ್ಷದ ಮಕ್ಕಳು ಉದ್ದ ಲೋಟದಲ್ಲೇ ಜಾಸ್ತಿ ಇದೆ ಅಂತಾರೆ ಅಂತ ಮಕ್ಕಳ ಮನಶ್ಶಾಸ್ತ್ರಜ್ಞ ಪಿಯಾಜೆ ತೋರಿಸಿದ್ದು. ಐದು ವರ್ಷಕ್ಕೇ ತರ್ಕ ಅಂತ ಕೂರಿಸ್ಬೇಡಿ ಪಾಪ.

ನಲಿಕಲಿ ಟೀಚರ್, ಹಾಸನ:
ಸರ್ ಪಿಯಾಜೆ ನಂತರದ್ದೂ ಸ್ವಲ್ಪ ಇದೆ. 1974ರಲ್ಲಿ ಮೆಕ್‌ಗ್ಯಾರಿಗಲ್, ಡೊನಾಲ್ಡ್‌ಸನ್ ಅಂತ ಇಬ್ಬರು ಇದೇ ಥರದ ಪ್ರಯೋಗಾನ ಎರಡು ಸಾಲು ಬಿಲ್ಲೆ ಇಟ್ಟು ಮಾಡಿದ್ರು. ದೊಡ್ಡವರು ಸಾಲು ಸರಿಸಿ "ಈಗ ಎರಡೂ ಸಮ ಇದ್ಯಾ" ಅಂದಾಗ ತುಂಬಾ ಮಕ್ಕಳು ಇಲ್ಲ ಅಂದ್ರು, ಆದ್ರೆ ತುಂಟ ಕರಡಿ ಬೊಂಬೆ ಬಂದು ಸಾಲು ಕೆಡಿಸಿದ ಹಾಗೆ ಆಟ ಆಡಿದಾಗ ಸಮ ಇದೆ ಅಂತ ಸರಿಯಾಗಿ ಹೇಳಿದವರು ಜಾಸ್ತಿ ಆದ್ರು. ದೊಡ್ಡವರೇ ಸರಿಸಿ ಅದೇ ಪ್ರಶ್ನೆ ಮತ್ತೆ ಕೇಳಿದ್ರೆ ಮಗುಗೆ "ಏನೋ ಬದಲಾಗಿರ್ಬೇಕು, ಅದಕ್ಕೇ ಕೇಳ್ತಿದಾರೆ" ಅನ್ಸೋದು ಸಹಜ ಅಲ್ವಾ. ಮೇಡಂ ಮಗ ಮುಖ ನೋಡೋದೂ ಇದೇ ಕಣ್ರೀ.

ಮೂಡಿಗೆರೆ ತಾತ:
ನಮ್ಮ ಕಡೆ ಇದಕ್ಕೆ ಆಟದ ಸಾಮಾನು ಯಾಕಮ್ಮ, ಕಾಫಿ ತೋಟ ಇಲ್ವಾ. ಮಾರ್ಚ್ ಏಪ್ರಿಲ್‌ನಲ್ಲಿ ಹೂ ಮಳೆ ಬಿದ್ದ ದಿನ ಮೊಮ್ಮಗಳನ್ನ ಗಿಡದ ಹತ್ರ ಕರ್ಕೊಂಡೋಗಿ ಮೊಗ್ಗು ತೋರಿಸ್ತೀನಿ, ಯಾವತ್ತು ಅರಳುತ್ತೆ ಅಂತ ಕ್ಯಾಲೆಂಡರ್‌ನಲ್ಲಿ ಅವಳೇ ಗುರುತು ಹಾಕ್ತಾಳೆ. ಒಂದಿಂಚು ಮಳೆ ಆದ್ರೆ ಸಾಮಾನ್ಯವಾಗಿ 8-10 ದಿನಕ್ಕೆ ತೋಟ ಬೆಳ್ಳಗಾಗುತ್ತೆ, ಮಳೆ ಸಾಲ್ದಿದ್ರೆ ಹೂ ಸರಿಯಾಗಿ ಬಿಡಲ್ಲ. ಹೋದ್ಸಲ ಗುರುತು ತಪ್ಪಾದಾಗ "ತಾತ ಇದ್ಕೆ ನೀರು ಕಮ್ಮಿ ಆಗಿದೆ" ಅಂದ್ಲು ನೋಡಿ, ನಾನು ಹೇಳಿಕೊಟ್ಟಿದ್ದಲ್ಲ. ಕುಯ್ಲಿನ ಟೈಮಲ್ಲಿ ಹಣ್ಣಿನ ಸಿಪ್ಪೆ ಸುಲಿಯೋ ಮಷೀನು, ಪಲ್ಪರ್‌ಗೆ ಹಾಕೋ ಮುಂಚೆ ಹಣ್ಣು ನೀರಿಗೆ ಬಿಟ್ಟು ಜೊಳ್ಳು ತೆಗೀತೀವಲ್ಲ, ಆವಾಗ ಹಿಡಿ ಹಣ್ಣು ಕೊಟ್ಟು ಯಾವ್ಯಾವುದು ತೇಲುತ್ತೆ ಆರಿಸು ಅಂತೀನಿ. ನೋಡೋಕೆ ಎಲ್ಲಾ ಒಂದೇ ಕೆಂಪು, ಹಾಗಾಗಿ ಹಿಚುಕಿ ನೋಡ್ತಾಳೆ, ಅಲ್ಲಾಡಿಸಿ ನೋಡ್ತಾಳೆ.

ಚಿಕ್ಕಮಗಳೂರಮ್ಮ:
ಕಿತ್ತಳೆ ಮಾಡಿದ್ವಿ!! ಸಿಪ್ಪೆ ತೆಗೆದ್ರೆ ಹಗುರ ಆಗುತ್ತೆ ಅದಕ್ಕೆ ಇನ್ನೂ ಮೇಲೆ ಬರುತ್ತೆ ಅಂದ. ನನ್ನ ಮುಖ ನೋಡ್ದೇನೇ! ಅದು ಸೀದಾ ತಳಕ್ಕೆ ಹೋಯ್ತು. ಒಂದ್ನಿಮಿಷ ಸುಮ್ನಿದ್ದು "ಅದ್ರ ಜಾಕೆಟ್ ಬಿಚ್ಚಿಬಿಟ್ವಲ್ಲ" ಅಂದ, ಹೊಳೆಗೆ ಇಳಿಯೋವಾಗ ಹಾಕೋ ಲೈಫ್ ಜಾಕೆಟ್ ಅಂತೆ. ಸಿಪ್ಪೆ ಒಳಗಿನ ಬಿಳಿ ಭಾಗದಲ್ಲಿ ಗಾಳಿ ಇರೋದಕ್ಕೇ ತೇಲೋದು ಅಂತ ಹೇಳ್ಬೇಕು ಅಂತ ಬಾಯಿ ತುದೀಲಿತ್ತು, ತಡ್ಕೊಂಡೆ. ಈಗ ಬರೀ ಸಿಪ್ಪೆ ಹಾಕ್ಬೇಕಂತೆ, ಆಮೇಲೆ ನಿಂಬೆಹಣ್ಣಂತೆ, ಆಲೂಗಡ್ಡೆ ಅಂತೆ. ಟೀಚರ್, ಊಹೆ ತಪ್ಪಾದ್ರೆ ಒಂದೊಂದ್ಸಲ ಅತ್ತುಬಿಡ್ತಾನೆ, ಅದಕ್ಕೇನ್ ಮಾಡೋದು?

ನಲಿಕಲಿ ಟೀಚರ್, ಹಾಸನ:
ಜಾಕೆಟ್ ಅಂತ ಅವನಾಗೇ ಹೇಳಿದ್ನಾ, ಭಲೇ! ಅಳೋದಕ್ಕೆ, ಬೊಂಬೆ ಕೈಲಿ ಊಹೆ ಹೇಳಿಸಿ. ಬೊಂಬೆ ತಪ್ಪು ಹೇಳ್ಲಿ, ಅದಕ್ಕೆ ಇವನೇ ಬಿಡಿಸಿ ಹೇಳ್ಲಿ. ಮತ್ತೆ ಸರಿ ಹೇಳಿದಾಗ ಚಾಕ್ಲೇಟ್ ಕೊಡೋ ಅಭ್ಯಾಸ ಇದ್ರೆ ನಿಲ್ಸಿ.