ಗಾರೆ ಕಮ್ಮಟ ಮಾಡಬೇಕು ಅಂತಿದ್ದೀವಿ, ಎರಡು ದಿನ ಸಾಕಾ?

ಪಶ್ಚಿಮವಾಹಿನಿ:
ನಮಸ್ಕಾರ. ನಾನು ಶ್ರೀರಂಗಪಟ್ಟಣದವಳು, ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತೇನೆ. ಕೋಟೆ ಒಳಗೆ ನಮ್ಮದೊಂದು ಹಳೇ ತೊಟ್ಟಿಮನೆ ಇದೆ. ಅಜ್ಜಿ ಹೋದ ಮೇಲೆ ಖಾಲಿ ಬಿದ್ದಿದೆ. ಹಿತ್ತಲ ಕಡೆ ಗೋಡೆಗೆ ಯಾವ ಕಾಲದಲ್ಲೋ ಸಿಮೆಂಟ್ ಬಳಿದಿದ್ದಾರೆ. ಈಗ ಮೊಣಕಾಲೆತ್ತರದವರೆಗೂ ಉಪ್ಪು ಬಿಟ್ಟು ಹಪ್ಪಳದ ಹಾಗೆ ಏಳುತ್ತಿದೆ. ಅದನ್ನು ಸುಣ್ಣದ ಗಾರೆಯಲ್ಲೇ ಸರಿ ಮಾಡಿಸೋಣ, ಆ ನೆಪದಲ್ಲಿ ಊರಿನ ಹುಡುಗರಿಗೂ ಕೆಲಸ ಕಲಿಸೋಣ ಅಂತ ಆಸೆ. ಶನಿವಾರ ಉಪನ್ಯಾಸ, ಭಾನುವಾರ ಕೈಕೆಲಸ ಅಂತ ಕರಪತ್ರವೂ ಬರೆದಾಯ್ತು. ಎರಡು ದಿನ ಸಾಕಾ? ದುಡ್ಡು ಜಾಸ್ತಿ ಇಲ್ಲ.

ಮೈಸೂರು ನಕ್ಷೆ:
ಮೇಡಂ, ಒಳ್ಳೆ ಕೆಲಸ. ಆದರೆ ಕರಪತ್ರ ಹಂಚೋಕೆ ಮುಂಚೆ ಒಂದು ವಿಷಯ ನೋಡಿಕೊಳ್ಳಿ. ಕೋಟೆ ಒಳಗೆ ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳಿವೆ. 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿ ಪ್ರಕಾರ ಅಂಥ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಜಾಗ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಜಾಗ. ನಿಮ್ಮದು ಬರೀ ರಿಪೇರಿ ಆದರೂ ಒಂದು ಅರ್ಜಿ ಹಾಕಿ ಕೇಳಿಬಿಡಿ.

ಉಪನ್ಯಾಸಕ್ಕೆ ನಾನು ಬರ್ತೀನಿ. ಹಂಪಿ, ಬೇಲೂರು ಅಂತ ಸ್ಲೈಡ್ ತೋರಿಸೋದು ಮಾತ್ರ ಬೇಡ. ಮೈಸೂರಿನಲ್ಲಿ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದೊಂದು ಭಾಗ ಕುಸಿದವು. ಕೆಡವೋದಾ, ಉಳಿಸೋದಾ ಅನ್ನೋ ಜಗಳ ಕೋರ್ಟಿನವರೆಗೂ ಹೋಯಿತು. ಹುಡುಗರು ಬಸ್ಸಿನಲ್ಲಿ ಹೋಗುವಾಗ ನೋಡಿರುವ ಕಟ್ಟಡಗಳಿವು. ಅಲ್ಲಿಂದ ಶುರು ಮಾಡಿದರೆ ಕಿವಿಗೊಡುತ್ತಾರೆ.

ಕರಣೆ ಹಿಡಿದ ಕೈ:
ಅಕ್ಕಾ, ಎರಡು ದಿನದಲ್ಲಿ ಆಗೋ ಮಾತಲ್ಲ. ನಮ್ಮಪ್ಪ ಗಾರೆ ಕೆಲಸದವರು, ನಾನೂ ಅದೇ. ಈಗ ಸಿಗೋದು ಮುಕ್ಕಾಲು ಪಾಲು ಸಿಮೆಂಟ್ ಕೆಲಸ, ಅದು ಬೇರೆ ವಿಷಯ.

ಸುಟ್ಟ ಸುಣ್ಣವನ್ನು ತೊಟ್ಟಿಯಲ್ಲಿ ನೀರಿಗೆ ಹಾಕಿ ಅರಳಿಸಿ, ಮೇಲೆ ನೀರು ನಿಲ್ಲಿಸಿ, ಕಮ್ಮಿ ಅಂದ್ರೂ ಮೂರು ವಾರ ಬಿಡಬೇಕು. ಅರಳದ ಒಂದು ಕಾಳು ಗಾರೆಯಲ್ಲಿ ಉಳಿದರೂ ಗೋಡೆ ಸೇರಿದ ಮೇಲೆ ಅಲ್ಲಿ ಅರಳುತ್ತೆ. ಒಳಗಿಂದ ತಳ್ಳಿ ಗುಳಿ ಬೀಳಿಸುತ್ತೆ. ಒಂದು ಪಾಲು ಸುಣ್ಣಕ್ಕೆ ಎರಡೂವರೆ, ಮೂರು ಪಾಲು ಮರಳು. ತೇವದ ಗೋಡೆ ಆದ್ದರಿಂದ ಮರಳಿನಲ್ಲಿ ಸ್ವಲ್ಪ ಕಮ್ಮಿ ಮಾಡಿ ಇಟ್ಟಿಗೆ ಪುಡಿ ಸೇರಿಸಿ. ಕಮ್ಮಟಕ್ಕೆ ಬಂದವರೆಲ್ಲ ಹಿಂದೆ ಗಾರೆಗೆ ಬೆರೆಸ್ತಿದ್ದ ಬೆಲ್ಲ, ಅಳಲೆಕಾಯಿ ಬಗ್ಗೆನೇ ಕೇಳ್ತಾರೆ, ಮೊಟ್ಟೆ ಹಾಕ್ತಿದ್ರಾ ಅಂತ ಬೇರೆ. ಹಾಕ್ತಿದ್ರು, ಸರಿ. ಆದರೆ ಜರಡಿ ಹಿಡಿಯೋದು ಕಲಿಯದೆ ಬೆಲ್ಲ ಸುರಿದು ಏನು ಬಂತು?

ಹದ ಬಂತಾ ಅಂತ ಹೀಗೆ ನೋಡಿ. ಕರಣೆ ಮೇಲೆ ಒಂದು ಮುದ್ದೆ ತಗೊಂಡು, ಕರಣೆಯನ್ನು ತಲೆಕೆಳಗೆ ಮಾಡಿ. ಅಂಟಿಕೊಂಡು ನಿಂತರೆ ಗೋಡೆಗೆ ಹಾಕಬಹುದು. ಗಟ್ಟಿ ಅನ್ನಿಸಿದರೆ ಹುಡುಗರು ತಕ್ಷಣ ನೀರು ಸುರಿಯೋಕೆ ಹೋಗ್ತಾರೆ. ಬಿಡಬೇಡಿ. ಇನ್ನಷ್ಟು ಕುಟ್ಟಿಸಿ, ತಾನಾಗಿ ಮೆತ್ತಗಾಗುತ್ತೆ. ಇದನ್ನು ಯಾವ ಸ್ಲೈಡಿನಲ್ಲೂ ಕಲಿಸೋಕಾಗಲ್ಲ.

ಗೋಡೆಯ ತೇವವನ್ನು ಸಿಮೆಂಟ್ ಹೊರಗೆ ಬಿಡಲ್ಲ, ನಿಮ್ಮ ಗೋಡೆಗೆ ಆಗಿರೋದು ಅದೇ. ಈಗಲೇ ಕಿತ್ತುಹಾಕಿಸಿ. ಸಂದು ಕೆರೆದು ಕೆಲವು ವಾರ ಗಾಳಿಯಾಡೋಕೆ ಬಿಡಿ. ಮೇಲೆ ಬಂದ ಉಪ್ಪನ್ನು ಒಣ ಬ್ರಷ್ಷಿನಲ್ಲಿ ಗುಡಿಸಿ ಆಚೆ ಹಾಕಿ, ನೀರು ಹಾಕಿ ತೊಳೆದರೆ ಮತ್ತೆ ಒಳಗೇ ಹೋಗುತ್ತೆ. ಗಾರೆ ಹಾಕೋ ದಿನ ಮಾತ್ರ ಗೋಡೆಗೆ ಚೆನ್ನಾಗಿ ನೀರು ಕುಡಿಸಿ. ಒಂದು ಪದರಕ್ಕೂ ಇನ್ನೊಂದಕ್ಕೂ ನಡುವೆ ವಾರ ಬೇಕು, ಒದ್ದೆ ಗೋಣಿಚೀಲ ಇಳಿಬಿಟ್ಟಿರಬೇಕು.

ಅದಕ್ಕೇ ಹೇಳೋದು, ಎರಡು ದಿನ ಒಟ್ಟಿಗೆ ಬೇಡ. ಒಂದು ಭಾನುವಾರ ಸುಣ್ಣ ಅರಳಿಸಿ. ಅದು ತೊಟ್ಟಿಯಲ್ಲಿರುವ ವಾರಗಳಲ್ಲಿ ಮೇಲಿನ ಸಾರ್ ಉಪನ್ಯಾಸ ಇಟ್ಟುಕೊಳ್ಳಲಿ. ಆಮೇಲೆ ವಾರಕ್ಕೊಂದು ಪದರ. ಎಂಟು ಹತ್ತು ಜನ ಸಾಕು. ಮೂವತ್ತು ಜನ ಬಂದರೆ ಇಪ್ಪತ್ತು ಜನ ಸುಮ್ನೆ ಫೋಟೋ ತೆಗೀತಾರೆ.

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ಉಪನ್ಯಾಸಕರಿಗೆ ಶಾಲು, ಹಾರ, ಮೇಸ್ತ್ರಿಗೆ ಬರೀ ಟೀ. ಅಂಥ ಕಮ್ಮಟ ನೋಡಿದ್ದೀನಿ. ದಿನಗೂಲಿ ಬಿಟ್ಟು ಕಲಿಸೋದಕ್ಕೂ ಬೇರೆ ಕೊಡಿ, ಕರಪತ್ರದಲ್ಲಿ ಮೇಸ್ತ್ರಿಯ ಹೆಸರೂ ಹಾಕಿಸಿ.

ಮೈಸೂರು ನಕ್ಷೆ:
ಶಾಲು ನಂಗೂ ಬೇಡ ಮೇಸ್ತ್ರಿಗಳೇ. ನೀವು ಹೇಳಿದ ಕ್ರಮವೇ ಸರಿ.

ಸಿಸ್ಟರ್ ಮಂಡ್ಯ:
ನಾನು ನರ್ಸ್. ಸುಣ್ಣ ಅರಳುವಾಗ ಕೊತಕೊತ ಕುದಿಯುತ್ತೆ. ನೀರಿಗೆ ಸುಣ್ಣ ಹಾಕಬೇಕು, ಸುಣ್ಣಕ್ಕೆ ನೀರಲ್ಲ. ಆವತ್ತು ಚಿಕ್ಕ ಮಕ್ಕಳು ಹತ್ತಿರ ಬೇಡ. ದೊಡ್ಡವರಿಗೂ ಕಣ್ಣು ಮುಚ್ಚುವ ಕನ್ನಡಕ, ರಬ್ಬರ್ ಗ್ಲೌಸ್ ಇರಲಿ. ಕಣ್ಣಿಗೆ ಸಿಡಿದರೆ ಉಜ್ಜಬೇಡಿ. ಹರಿಯೋ ನೀರಲ್ಲಿ 20 ನಿಮಿಷ ತೊಳೆದು ಸೀದಾ ಆಸ್ಪತ್ರೆಗೆ ಹೋಗಿ.

ಪಶ್ಚಿಮವಾಹಿನಿ:
ಎಲ್ಲರಿಗೂ ಥ್ಯಾಂಕ್ಸ್. ಕರಪತ್ರ ಹರಿದು ಹಾಕಿದೆ, ಅರ್ಜಿ ಬರೀತಿದ್ದೀನಿ. ಮೇಸ್ತ್ರಿಗಳೇ, ಯಾವ ತಿಂಗಳು ಒಳ್ಳೇದು? ಕಲಿಸೋಕೆ ನೀವೇ ಬರ್ತೀರಾ?

ಕರಣೆ ಹಿಡಿದ ಕೈ:
ಬರ್ತೀನಿ ಅಕ್ಕಾ. ಮಳೇಲಿ ಒಣಗಲ್ಲ, ಏಪ್ರಿಲ್ ಬಿಸಿಲಲ್ಲಿ ಬಿರುಕು ಬಿಡುತ್ತೆ. ದಸರಾ ಮುಗಿದು ಮಳೆ ಹಿಂದಾದ ಮೇಲೆ ಇಟ್ಟುಕೊಳ್ಳಿ. ಸಿಮೆಂಟ್ ಕೀಳುವಾಗ ಕೆಳಗೆ ಹಳೇ ಗಾರೆ ಸಿಕ್ಕಿದರೆ ಅಂಗೈಯಷ್ಟು ತುಂಡು ಎತ್ತಿಡಿ. ಎಂಥ ಮರಳು ಹಾಕಿದ್ದರು ಅಂತ ನೋಡಿ ಹೊಂದಿಸಬೇಕು.